ಕೊಡಗಿನ ರೀಫ್ ಟ್ಯಾಂಕಿಗೆ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ: ಯಾವ ವಿಧಾನ ಯಾರಿಗೆ

ರೀಫ್ ಟ್ಯಾಂಕಿಗೆ, ಅಂದರೆ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ಅಕ್ವೇರಿಯಂಗೆ, ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬನೇಟಿನ ಅಳತೆ) ಪೂರೈಸುವ ವಿಧಾನ ಆರಿಸುವಾಗ ಎಲ್ಲರೂ ನೋಡುವುದು ಟ್ಯಾಂಕಿನ ಗಾತ್ರ ಮತ್ತು ಖರ್ಚು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಇವೆರಡರ ಜೊತೆ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿ ಟ್ಯಾಂಕಿನ ನೀರು ಆವಿಯಾಗುವುದು ಇಳಿಯುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಬೀಳುತ್ತದೆ. ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಘಾಟಿ ರಸ್ತೆ ಕುಸಿದರೆ ಪಾರ್ಸೆಲ್ ಬರುವುದಿಲ್ಲ. ಈ ನಾಲ್ಕೂ ಒಂದೊಂದು ವಿಧಾನವನ್ನು ಒಂದೊಂದು ರೀತಿ ಕೆಡಿಸುತ್ತವೆ. ಹಾಗಾಗಿ ಮಾರ್ಚ್‌ನಲ್ಲಿ ಚೆನ್ನಾಗಿ ನಡೆದದ್ದನ್ನು ನಂಬಿ ಆರಿಸಬೇಡಿ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಹದಿನೈದು ದಿನ ತಾಳುತ್ತದೆಯೇ ಎಂದು ನೋಡಿ ಆರಿಸಿ.

ಮೊದಲು ನಿಮ್ಮ ಟ್ಯಾಂಕಿನ ದಿನದ ಖರ್ಚು ಅಳೆಯಿರಿ

ಸಹಜ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಆಲ್ಕಲಿನಿಟಿ ಸುಮಾರು 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ), ಮೆಗ್ನೀಸಿಯಂ ಸುಮಾರು 1280 ಪಿಪಿಎಂ ಇರುತ್ತದೆ. ಮನೆಯ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 400ರಿಂದ 450, ಆಲ್ಕಲಿನಿಟಿ 7ರಿಂದ 9, ಮೆಗ್ನೀಸಿಯಂ 1250ರಿಂದ 1350 ಇದ್ದರೆ ಸಾಕು. ಈ ವ್ಯಾಪ್ತಿಯೊಳಗೆ ಯಾವ ಅಂಕಿ ಎಂಬುದಕ್ಕಿಂತ ಅದು ದಿನದಿಂದ ದಿನಕ್ಕೆ ಅಲುಗಾಡದಿರುವುದು ಮುಖ್ಯ. ಆಲ್ಕಲಿನಿಟಿ ಒಂದೇ ದಿನ 1 ಡಿಕೆಎಚ್‌ಗಿಂತ ಹೆಚ್ಚು ಏರಿಳಿದರೆ ಎಸ್‌ಪಿಎಸ್ (ಸಣ್ಣ ಪಾಲಿಪ್‌ಗಳ ಗಟ್ಟಿ) ಹವಳಗಳ ತುದಿ ಬಿಳಿಚಿಕೊಳ್ಳುತ್ತದೆ, ಬುಡದಿಂದ ಚರ್ಮ ಬಿಡುತ್ತದೆ.

ಹವಳ ತನ್ನ ಅಸ್ಥಿ ಕಟ್ಟುವಾಗ ಇವೆರಡನ್ನೂ ಒಂದು ಗೊತ್ತಾದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತದೆ: ಆಲ್ಕಲಿನಿಟಿ 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಇಳಿದಿರುತ್ತದೆ. ಎಂಟರಲ್ಲಿ ಒಂದು ಇಳಿದರೆ ಕಿಟ್ ತೋರಿಸುತ್ತದೆ. 420ರಲ್ಲಿ ಏಳು ಇಳಿದರೆ ಅದು ಕಿಟ್ಟಿನ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಆದ್ದರಿಂದ ದಿನನಿತ್ಯ ಅಳೆಯಬೇಕಾದ್ದು ಆಲ್ಕಲಿನಿಟಿ. ಕ್ಯಾಲ್ಸಿಯಂ ಹದಿನೈದು ದಿನಕ್ಕೊಮ್ಮೆ, ಮೆಗ್ನೀಸಿಯಂ ತಿಂಗಳಿಗೊಮ್ಮೆ ಸಾಕು.

ಅಳೆಯುವ ಕ್ರಮ ಹೀಗೆ: ಎಲ್ಲ ಡೋಸಿಂಗ್ (ರಾಸಾಯನಿಕ ಹಾಕುವುದು) ಮತ್ತು ನೀರು ಬದಲಾವಣೆ ನಿಲ್ಲಿಸಿ. ಮೂರು ದಿನ ಒಂದೇ ಹೊತ್ತಿಗೆ, ಬೆಳಿಗ್ಗೆ ಲೈಟು ಹತ್ತುವ ಮೊದಲು, ಒಂದೇ ಕಿಟ್ಟಿನಿಂದ ಆಲ್ಕಲಿನಿಟಿ ನೋಡಿ. ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸವನ್ನು ನಡುವೆ ಕಳೆದ ದಿನಗಳಿಂದ (ಮೂರು ಬೆಳಗಿನ ಅಳತೆಗೆ ಎರಡರಿಂದ) ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. ಆಲ್ಕಲಿನಿಟಿ 6.5ಕ್ಕಿಂತ ಕೆಳಗೆ ಹೋಗುವಂತಿದ್ದರೆ ಮೂರು ದಿನ ಕಾಯದೆ ಈ ಪರೀಕ್ಷೆ ನಿಲ್ಲಿಸಿ. ಲೀಟರ್ ಲೆಕ್ಕಕ್ಕೆ ಗಾಜಿನ ಅಳತೆ ಹಿಡಿಯಬೇಡಿ. ಕಲ್ಲು, ಮರಳು ಕಳೆದು ಸಂಪ್ (ಟ್ಯಾಂಕಿಗೆ ಜೋಡಿಸಿದ ಕೆಳಗಿನ ಸಣ್ಣ ತೊಟ್ಟಿ) ಸೇರಿಸಿ ನಿಜವಾದ ನೀರು ಎಷ್ಟು ಎಂದು ನೋಡಬೇಕು.

ಒಂದು ಅಂಶ ಮಾತ್ರ ತೀರಾ ಕೆಳಗಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ವಿಧಾನ ಶುರುಮಾಡಿ. ಉದಾಹರಣೆಗೆ 200 ಲೀಟರ್ ನೀರಿನಲ್ಲಿ ಆಲ್ಕಲಿನಿಟಿ ಸರಿಯಿದ್ದು ಕ್ಯಾಲ್ಸಿಯಂ 360 ಇದೆಯೆನ್ನಿ. ಅದನ್ನು 420ಕ್ಕೆ ತರಲು 44 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬೇಕು. ಅದನ್ನು ಮೂರು ದಿನಕ್ಕೆ ಹಂಚಿ ಹಾಕಿ. ಕೆಳಗಿನ ಎಲ್ಲ ವಿಧಾನಗಳೂ ಎರಡನ್ನೂ ಸಮತೂಕದಲ್ಲಿ ಕೊಡುತ್ತವೆ. ಮೊದಲೇ ವಾಲಿದ ತಕ್ಕಡಿಯನ್ನು ಅವು ನೇರ ಮಾಡುವುದಿಲ್ಲ.

ಬರೀ ನೀರು ಬದಲಾವಣೆ

ಮಿದು ಹವಳ, ಜೋಆಂಥಿಡ್, ಮಶ್ರೂಮ್ ಹವಳಗಳಷ್ಟೇ ಇರುವ ಟ್ಯಾಂಕಿಗೆ ಇದಕ್ಕಿಂತ ಬೇರೆ ಬೇಡ. ವಾರಕ್ಕೆ 10 ಶೇಕಡಾ ನೀರನ್ನು 11 ಡಿಕೆಎಚ್ ಇರುವ ಸಾಲ್ಟ್ ಮಿಕ್ಸ್‌ನಿಂದ ಬದಲಿಸಿದರೆ, 8ರಲ್ಲಿರುವ ಟ್ಯಾಂಕ್ 0.3 ಏರುತ್ತದೆ. ಅಂದರೆ ವಾರದ ಖರ್ಚು 0.3ರೊಳಗೆ ಇದ್ದರೆ ಸರಿಹೋಗುತ್ತದೆ. ಎರಡು ಮೂರು ಎಲ್‌ಪಿಎಸ್ (ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳ) ಬೆಳೆಯತೊಡಗಿದರೆ ಸಾಲದು. ಮಂಗಳೂರು ಕಡೆಯಿಂದ ಕ್ಯಾನಿನಲ್ಲಿ ಕಡಲ ನೀರು ತರುವವರು ಮಳೆಗಾಲದಲ್ಲಿ ಅದನ್ನು ಬಿಟ್ಟುಬಿಡಬೇಕು. ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಸೇರಿ ದಡದ ಹತ್ತಿರ ಉಪ್ಪೂ ಆಲ್ಕಲಿನಿಟಿಯೂ ಇಳಿದಿರುತ್ತವೆ.

ಸುಣ್ಣದ ತಿಳಿನೀರು, ಅಂದರೆ ಕಾಲ್ಕ್‌ವಾಸರ್

ಶಾಲೆಯಲ್ಲಿ ಕೊಳವೆಯಿಂದ ಊದಿ ಹಾಲಿನಂತೆ ಮಾಡಿದ ಅದೇ ಸುಣ್ಣದ ತಿಳಿನೀರು ಇದು. ಆರ್‌ಒ-ಡಿಐ (ಆರ್‌ಒ ಫಿಲ್ಟರ್ ಮತ್ತು ಡಿಐ ರೆಸಿನ್ ದಾಟಿಸಿ ಶುದ್ಧ ಮಾಡಿದ) ನೀರು ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ, ನಿಧಾನವಾಗಿ ಕಲಸಿ, ಮುಚ್ಚಳ ಮುಚ್ಚಿ ಕೆಲವು ಗಂಟೆ ಬಿಟ್ಟರೆ ಮೇಲೆ ತಿಳಿ, ತಳದಲ್ಲಿ ಗಸಿ. ಟ್ಯಾಂಕಿಗೆ ಹೋಗಬೇಕಾದ್ದು ತಿಳಿ ಮಾತ್ರ. ಸುಣ್ಣ ಕರಗುವಷ್ಟೂ ಕರಗಿದ ತಿಳಿನೀರಿನ ಪಿಎಚ್ 12ಕ್ಕಿಂತ ಮೇಲಿರುತ್ತದೆ. 100 ಲೀಟರ್ ಟ್ಯಾಂಕಿಗೆ ಇದರ 1 ಲೀಟರ್ ಹೋದರೆ ಆಲ್ಕಲಿನಿಟಿ ಸುಮಾರು 1.1 ಡಿಕೆಎಚ್, ಕ್ಯಾಲ್ಸಿಯಂ ಸುಮಾರು 8 ಪಿಪಿಎಂ ಏರುತ್ತದೆ. ಉಪ್ಪು ಉಳಿಯುವುದಿಲ್ಲ, ಖರ್ಚು ಅತಿ ಕಡಿಮೆ. ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಇದು ಹಿಡಿದುಕೊಳ್ಳುವುದರಿಂದ ಪಿಎಚ್ ಕೂಡ ಮೇಲೇಳುತ್ತದೆ. ಮುಚ್ಚಿದ ಮನೆಯಲ್ಲಿ 7.8ಕ್ಕೆ ಬಿದ್ದ ಟ್ಯಾಂಕಿಗೆ ಇಷ್ಟು ಹಿತವಾದದ್ದು ಇನ್ನೊಂದಿಲ್ಲ.

ಆದರೆ ಇದಕ್ಕೊಂದು ಮಿತಿ ಇದೆ, ಮತ್ತು ಅದು ಕೊಡಗಿನಲ್ಲೇ ಹೆಚ್ಚು ಕಾಡುತ್ತದೆ. ತಿಳಿನೀರನ್ನು ಕೊಡುವುದು ಆವಿಯಾದ ನೀರಿನ ಬದಲಿಗೆ. ಎಷ್ಟು ಆವಿಯಾಯಿತೋ ಅಷ್ಟೇ ಕೊಡಬಹುದು. ಒಣ ಚಳಿಯಿರುವ ಜನವರಿಯಲ್ಲಿ ಹೀಟರ್ ಬೆಚ್ಚಗಿಟ್ಟ ನೀರು ಚೆನ್ನಾಗಿ ಆವಿಯಾಗುತ್ತದೆ. ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗದ ಜುಲೈನಲ್ಲಿ ಅದರ ಅರ್ಧವೂ ಆಗದಿರಬಹುದು. 200 ಲೀಟರ್ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾಗುವಾಗ ಸುಣ್ಣದ ನೀರೊಂದೇ 1.1 ಡಿಕೆಎಚ್ ಕೊಡುತ್ತದೆ. ಆವಿಯಾಗುವುದು 700 ಮಿಲೀಗೆ ಇಳಿದರೆ ಸಿಗುವುದು 0.4 ಮಾತ್ರ. ಹವಳದ ಹಸಿವು ಮಾತ್ರ ಅಷ್ಟೇ ಇರುತ್ತದೆ. ಆವಿಯಾದದ್ದನ್ನು ತುಂಬುವ ಟಾಪ್-ಅಪ್ ಕ್ಯಾನಿನ ಮೇಲೆ ಗೆರೆ ಎಳೆದು ಜನವರಿಯಲ್ಲೊಂದು ವಾರ, ಜುಲೈಯಲ್ಲೊಂದು ವಾರ ಅಳೆದಿಡಿ. ಈ ಎರಡು ಅಂಕಿಯಿಲ್ಲದೆ ಸುಣ್ಣದ ನೀರನ್ನೇ ನಂಬುವುದು ಸರಿಯಲ್ಲ.

ಸುಣ್ಣ ಯಾವುದು ಎಂಬುದರಲ್ಲಿ ರಾಜಿ ಬೇಡ. ಎಲೆ ಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ತೋಟಕ್ಕೆ ಹೊಡೆಯುವ ಬೋರ್ಡೋ ಶಿಲೀಂಧ್ರನಾಶಕ ದ್ರಾವಣಕ್ಕೆ ತರುವ ಸುಣ್ಣ ಯಾವುದೂ ಬೇಡ, ಶುದ್ಧತೆ ಗೊತ್ತಿರುವುದಿಲ್ಲ. ಲ್ಯಾಬ್ ದರ್ಜೆಯ ಅಥವಾ ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ತೋಟಕ್ಕೆ ಎರಚುವ ಕೃಷಿ ಸುಣ್ಣ ಮತ್ತು ಡೋಲೊಮೈಟ್ ಬೇರೆಯೇ ವಸ್ತುಗಳು. ಪಿಎಚ್ 8ರ ಸಮುದ್ರದ ನೀರಿನಲ್ಲಿ ಅವು ಕರಗುವುದೇ ಇಲ್ಲ. ಮತ್ತೊಂದು ಮಾತು, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿಡಿ: ಬೋರ್ಡೋಗೆ ಹಾಕುವ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿದ ಬಕೆಟ್, ಡ್ರಮ್, ಕೋಲು, ಮಗ್ಗು ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ಬರಬಾರದು. ತಾಮ್ರದ ಲವಲೇಶ ಸಾಕು, ಸೀಗಡಿ, ಬಸವನಹುಳು, ಹವಳ ಎಲ್ಲ ಹೋಗುತ್ತವೆ. ಕಾಫಿ, ಮೆಣಸಿಗೆ ಬೋರ್ಡೋ ಹೊಡೆಯುವ ತೋಟದ ನಡುವಿನ ಬಾವಿ ಅಥವಾ ಒರತೆಯ ನೀರು ಟಿಡಿಎಸ್ ಮೀಟರಿನಲ್ಲಿ ಎಷ್ಟೇ ಕಡಿಮೆ ತೋರಿಸಲಿ, ಡಿಐ ರೆಸಿನ್ ದಾಟಿ ಸೊನ್ನೆಗೆ ಬಂದ ಮೇಲೆಯೇ ಬಳಸಿ.

ಕೆಡುವುದು ಎಲ್ಲಿ? ಒಂದು, ವೇಗ. ತಿಳಿನೀರನ್ನು ರಾತ್ರಿಯಿಡೀ ಹನಿಹನಿಯಾಗಿ, ನೀರು ಜೋರಾಗಿ ಹರಿಯುವ ಕಡೆ ಕೊಡಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಮಿಲೀಗೆ 20 ಹನಿ. ಹತ್ತು ಗಂಟೆಯಲ್ಲಿ 1 ಲೀಟರ್ ಹೋಗಲು ನಿಮಿಷಕ್ಕೆ 33 ಹನಿ ಇಡಿ. ಪಿಎಚ್ 8.5 ದಾಟಿದರೆ ನಿಲ್ಲಿಸಿ. ಎರಡು, ಕರೆಂಟ್ ಹೋದಾಗ. ಡ್ರಿಪ್ ಸೆಟ್ ಕರೆಂಟ್ ಇಲ್ಲದೆಯೂ ಹನಿಯುತ್ತಲೇ ಇರುತ್ತದೆ, ಪಂಪ್ ನಿಂತಿರುತ್ತದೆ. ನಿಂತ ನೀರಿನ ಸಂಪಿನಲ್ಲಿ ಸುಣ್ಣ ಒಂದೇ ಕಡೆ ಸೇರಿ, ಪಂಪ್ ಮತ್ತೆ ಓಡಿದಾಗ ಎಲ್ಲ ಒಟ್ಟಿಗೆ ಟ್ಯಾಂಕಿಗೆ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಡ್ರಿಪ್ಪಿಗಿಂತ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ರಿಟರ್ನ್ ಪಂಪಿನ ಪ್ಲಗ್ಗಿಗೇ ಸೇರಿಸಿದ ಸಣ್ಣ ಡೋಸಿಂಗ್ ಪಂಪ್ ಒಳ್ಳೆಯದು: ಅದು ನಿಂತರೆ ಇದೂ ನಿಲ್ಲುತ್ತದೆ. ಮೂರು, ಆಟೋ ಟಾಪ್-ಅಪ್ ಫ್ಲೋಟ್ ಸಿಕ್ಕಿಕೊಳ್ಳುವುದು. ಇಪ್ಪತ್ತು ಲೀಟರ್ ಸುಣ್ಣದ ನೀರು ಒಟ್ಟಿಗೆ ಬಿದ್ದರೆ ಟ್ಯಾಂಕ್ ಹಾಲಾಗುತ್ತದೆ, ಉಳಿಯುವುದು ಕಷ್ಟ. ಕ್ಯಾನಿನಲ್ಲಿ ಎರಡು ಮೂರು ದಿನಕ್ಕೆ ಸಾಕಾಗುವಷ್ಟೇ ತುಂಬಿಸಿ.

ಎರಡು ದ್ರಾವಣಗಳ ವಿಧಾನ

ಕೊಡಗಿನ ಹೆಚ್ಚಿನ ಟ್ಯಾಂಕುಗಳಿಗೆ ಬೆನ್ನೆಲುಬಾಗಬೇಕಾದ್ದು ಇದು. ಒಂದು ಬಾಟಲಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಬೈಕಾರ್ಬನೇಟ್. ಆವಿಯಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹವಳ ತಿಂದಷ್ಟು ಕೊಡಬಹುದು.

ಮನೆಯಲ್ಲೇ ಮಾಡುವ ಅಳತೆ: ಆರ್‌ಒ-ಡಿಐ ನೀರಿನಲ್ಲಿ 80 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಕರಗಿಸಿ ಒಟ್ಟು 1 ಲೀಟರ್ ಮಾಡಿ. ಇನ್ನೊಂದು ಪಾತ್ರೆಯಲ್ಲಿ 70 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ ಒಟ್ಟು 1 ಲೀಟರ್ ಮಾಡಿ. ಪ್ಯಾಕೆಟ್ಟಿನ ಮೇಲೆ ಅನ್‌ಹೈಡ್ರಸ್ ಎಂದಿದ್ದರೆ 70ರ ಬದಲು 53 ಗ್ರಾಂ. ಹೀಗೆ ಮಾಡಿದಾಗ 100 ಲೀಟರ್ ಟ್ಯಾಂಕಿಗೆ ಎರಡರಲ್ಲೂ 37.5 ಮಿಲೀ ಹಾಕಿದರೆ ಆಲ್ಕಲಿನಿಟಿ 1 ಡಿಕೆಎಚ್, ಕ್ಯಾಲ್ಸಿಯಂ 7 ಪಿಪಿಎಂ ಏರುತ್ತದೆ. ದಿನಕ್ಕೆ 1.2 ಡಿಕೆಎಚ್ ತಿನ್ನುವ 200 ಲೀಟರ್ ಟ್ಯಾಂಕಿಗೆ ದಿನಕ್ಕೆ ಎರಡೂ ತಲಾ 90 ಮಿಲೀ. ತಿಂಗಳಿಗೆ ಸುಮಾರು 216 ಗ್ರಾಂ ಸೋಡ, 189 ಗ್ರಾಂ ಕ್ಲೋರೈಡ್ ಅಷ್ಟೇ.

ಸೋಡ ಅಂದರೆ ಅಡುಗೆ ಸೋಡ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಆಮ್ಲ, ಪಿಷ್ಟ ಇರುತ್ತದೆ. ಬೈಕಾರ್ಬನೇಟ್ ಪಿಎಚ್ಚನ್ನು ತುಸು ಇಳಿಸುತ್ತದೆ. ಮಳೆಗಾಲದಲ್ಲಿ ನಿಮ್ಮ ಟ್ಯಾಂಕ್ 8ಕ್ಕಿಂತ ಕೆಳಗೇ ಇರುತ್ತಿದ್ದರೆ ಆ 80 ಗ್ರಾಂ ಸೋಡವನ್ನು ಓವನ್ನಿನಲ್ಲಿ 150ರಿಂದ 180 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಅದು ಸೋಡಿಯಂ ಕಾರ್ಬನೇಟ್ ಆಗಿ ತೂಕ ಸುಮಾರು 50 ಗ್ರಾಂಗೆ ಇಳಿಯುತ್ತದೆ. ಅದನ್ನೇ 1 ಲೀಟರ್ ಮಾಡಿದರೆ ಡೋಸ್ ಬದಲಾಗುವುದಿಲ್ಲ, ಪಿಎಚ್ ಮಾತ್ರ ಮೇಲೇಳುತ್ತದೆ. ತೂಕ 50ಕ್ಕೆ ಇಳಿಯದಿದ್ದರೆ ಇನ್ನೂ ಕಾಯಿಸಬೇಕು ಎಂದರ್ಥ.

ಇನ್ನು ಕ್ಯಾಲ್ಸಿಯಂ ಕ್ಲೋರೈಡ್. ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಂತೆ ಇಡುವ ತೇವ ಹೀರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ರಾಸಾಯನಿಕ. ಕೊಡಗಿನ ಜುಲೈಯಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ಅದು ಗಾಳಿಯ ನೀರು ಕುಡಿದು ತಾನೇ ನೀರಾಗುತ್ತದೆ. ಆಮೇಲೆ ತೂಗಿದ 70 ಗ್ರಾಂನಲ್ಲಿ ಎಷ್ಟು ಕ್ಲೋರೈಡ್, ಎಷ್ಟು ನೀರು ಎಂದು ಹೇಳಲಾಗದು. ಕ್ಯಾಲ್ಸಿಯಂ ನಿಧಾನವಾಗಿ ಇಳಿಯುತ್ತಿದ್ದು ಆಲ್ಕಲಿನಿಟಿ ಮಾತ್ರ ಸರಿಯಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ಯಾಕೆಟ್ ಬಿಚ್ಚಿದ ದಿನವೇ ಇಡೀ ಪ್ಯಾಕೆಟ್ಟನ್ನು ದ್ರಾವಣ ಮಾಡಿಬಿಡಿ. ದ್ರಾವಣ ಮುಚ್ಚಿದ ಕ್ಯಾನಿನಲ್ಲಿ ಇಡೀ ಮಳೆಗಾಲ ಕೆಡದೆ ಇರುತ್ತದೆ. ಕರಗುವಾಗ ಚೆನ್ನಾಗಿ ಬಿಸಿಯಾಗುತ್ತದೆ. ಗಾಜಿನ ಬಾಟಲಿ ಬೇಡ, ಪುಡಿಯನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿ.

ಎರಡು ದ್ರಾವಣ ಟ್ಯಾಂಕಿನಲ್ಲಿ ಒಂದನ್ನೊಂದು ನೇರವಾಗಿ ಮುಟ್ಟಿದರೆ ಬಿಳಿ ಮೋಡ ಏಳುತ್ತದೆ; ಅದು ಹವಳಕ್ಕೆ ಸಿಗದೆ ಕಲ್ಲಾಗಿ ಹೋದ ಕ್ಯಾಲ್ಸಿಯಂ ಕಾರ್ಬನೇಟ್. ಎರಡರ ನಡುವೆ ಕನಿಷ್ಠ ಅರ್ಧ ಗಂಟೆ ಬಿಡಿ, ದಿನದ ಡೋಸನ್ನು ಆರೋ ಎಂಟೋ ಪಾಲು ಮಾಡಿ. ಕರೆಂಟ್ ಹೋಗಿ ಬಂದಾಗ ಗಡಿಯಾರ ಸೊನ್ನೆಗೆ ಬೀಳುವ ಅಗ್ಗದ ಡೋಸರ್ (ತಾನಾಗಿ ಡೋಸ್ ಹಾಕುವ ಪಂಪ್) ಇಲ್ಲಿಗೆ ಆಗುವುದಿಲ್ಲ. ಸಮಯ ನೆನಪಿಡುವ ಬ್ಯಾಟರಿ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಟ್ಯೂಬ್ ಹಿಸುಕಿ ದ್ರಾವಣ ತಳ್ಳುವ ಪೆರಿಸ್ಟಾಲ್ಟಿಕ್ ಪಂಪಿನ ಟ್ಯೂಬ್ ಸವೆದಂತೆ ಹನಿ ಕಡಿಮೆಯಾಗುತ್ತದೆ, ತಿಂಗಳಿಗೊಮ್ಮೆ ಅಳತೆಯ ಸಿಲಿಂಡರಿಗೆ 100 ಮಿಲೀ ಹರಿಸಿ ನೋಡಿ. ಡೋಸರ್ ಇಲ್ಲದವರು ಕೈಯಲ್ಲೇ ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಬಹುದು. ದಿನದ ಖರ್ಚು 0.5 ಡಿಕೆಎಚ್‌ವರೆಗೆ ಇದರಿಂದ ತೊಂದರೆಯಿಲ್ಲ, ಕರೆಂಟಿನ ಹಂಗೂ ಇಲ್ಲ.

ಈ ವಿಧಾನದ ನಿಜವಾದ ಬೆಲೆ ಉಪ್ಪು. ಎರಡೂ ಸೇರಿ ಹಿಂದೆ ಉಳಿಸುವುದು ಅಡುಗೆ ಉಪ್ಪನ್ನೇ: 1 ಡಿಕೆಎಚ್‌ಗೆ 100 ಲೀಟರಿಗೆ ಸುಮಾರು 2 ಗ್ರಾಂ. ದಿನಾ 1 ಡಿಕೆಎಚ್ ಕೊಟ್ಟರೆ ತಿಂಗಳಿಗೆ ಲವಣಾಂಶ ಸುಮಾರು 0.6 ಪಿಪಿಟಿ (ಸಾವಿರದಲ್ಲಿ ಇಷ್ಟು ಪಾಲು) ಏರುತ್ತದೆ. 35 ಪಿಪಿಟಿ ದ್ರಾವಣದಿಂದ ಸರಿಹೊಂದಿಸಿದ ರಿಫ್ರ್ಯಾಕ್ಟೋಮೀಟರಿನಲ್ಲಿ ವಾರಕ್ಕೊಮ್ಮೆ ನೋಡಿ, ಏರಿದಷ್ಟು ಟ್ಯಾಂಕಿನ ನೀರು ತೆಗೆದು ಶುದ್ಧ ನೀರು ಸೇರಿಸಿ. ಮೆಗ್ನೀಸಿಯಂ ಇದರಲ್ಲಿಲ್ಲ. ಅದು 1200ಕ್ಕಿಂತ ಇಳಿದರೆ ಹೀಟರ್, ಪಂಪಿನ ಇಂಪೆಲ್ಲರ್ ಮೇಲೆ ಬಿಳಿ ಹರಳು ಕಟ್ಟತೊಡಗುತ್ತದೆ, ಎಷ್ಟು ಹಾಕಿದರೂ ಆಲ್ಕಲಿನಿಟಿ ನಿಲ್ಲುವುದಿಲ್ಲ. ಚಳಿಗೆ ಹೀಟರ್ ಹೆಚ್ಚು ಓಡುವ ನಮ್ಮಲ್ಲಿ ಮೊದಲು ಕಾಣುವುದು ಹೀಟರಿನ ಮೇಲೆಯೇ. 100 ಲೀಟರಿಗೆ 100 ಪಿಪಿಎಂ ಏರಿಸಲು 84 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಬೇಕು.

ಒಂದೇ ಬಾಟಲಿಯ ದ್ರಾವಣ

ಕ್ಯಾಲ್ಸಿಯಂ ಫಾರ್ಮೇಟ್ ಆಧಾರದ ದ್ರಾವಣಗಳಿವು. ಒಂದು ಪಂಪ್, ಒಂದು ಬಾಟಲಿ. ಉಪ್ಪು ಸೇರುವುದಿಲ್ಲ, ಮೋಡ ಏಳುವುದಿಲ್ಲ. ಟ್ಯಾಂಕಿನ ಬ್ಯಾಕ್ಟೀರಿಯಾ ಫಾರ್ಮೇಟನ್ನು ತಿಂದ ಮೇಲಷ್ಟೇ ಆಲ್ಕಲಿನಿಟಿ ಹುಟ್ಟುತ್ತದೆ. ಹಾಕಿದ ಗಂಟೆಯೊಳಗೆ ಅಳೆದು, ಏರಲಿಲ್ಲವೆಂದು ಮತ್ತೆ ಹಾಕಬೇಡಿ. ಬ್ಯಾಕ್ಟೀರಿಯಾ ಆಮ್ಲಜನಕ ಬಳಸುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕರೆಂಟ್ ಹೋಗಿ ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಸಾಧನ), ಪಂಪ್ ನಿಂತ ರಾತ್ರಿ ಇದರ ಡೋಸ್ ನಿಲ್ಲಿಸಲೇಬೇಕು. ನೂರು ಲೀಟರಿನೊಳಗಿನ, ದಿನಕ್ಕೆ 0.5ರೊಳಗೆ ತಿನ್ನುವ ಟ್ಯಾಂಕಿಗೆ ಚೆನ್ನ. ದೊಡ್ಡದಕ್ಕೆ ದುಬಾರಿ.

ಕ್ಯಾಲ್ಸಿಯಂ ರಿಯಾಕ್ಟರ್

ಮುಚ್ಚಿದ ಕೊಳವೆಯೊಳಗೆ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬನೇಟಿನ) ಕಲ್ಲು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್. ಒಳಗಿನ ಪಿಎಚ್ 6.5ರಿಂದ 6.7ಕ್ಕೆ ಇಳಿದಾಗ ಕಲ್ಲು ಕರಗಿ, ಹೊರಬರುವ ನೀರು ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಹೊತ್ತು ತರುತ್ತದೆ. 6.3ಕ್ಕಿಂತ ಇಳಿಸಿದರೆ ಕಲ್ಲು ಅಂಬಲಿಯಾಗಿ ಹರಿವು ಕಟ್ಟಿಕೊಳ್ಳುತ್ತದೆ.

ಲೆಕ್ಕ: 600 ಲೀಟರ್ ಟ್ಯಾಂಕ್ ದಿನಕ್ಕೆ 2.5 ಡಿಕೆಎಚ್ ತಿನ್ನುತ್ತದೆ, ಹೊರಬರುವ ನೀರು 30 ಡಿಕೆಎಚ್, ಟ್ಯಾಂಕ್ 8 ಎಂದುಕೊಳ್ಳಿ. ಲೀಟರಿಗೆ ನಿವ್ವಳ 22. ಬೇಕಾದ್ದು 600 × 2.5 = 1500, ಅಂದರೆ ದಿನಕ್ಕೆ 68 ಲೀಟರ್, ನಿಮಿಷಕ್ಕೆ ಸುಮಾರು 47 ಮಿಲೀ. ಕಲ್ಲು ತಿಂಗಳಿಗೆ 800 ಗ್ರಾಂ ಕರಗುತ್ತದೆ. ಇದೇ ಟ್ಯಾಂಕಿಗೆ ಮೇಲೆ ಹೇಳಿದ ಎರಡು ದ್ರಾವಣ ತಿಂಗಳಿಗೆ ತಲಾ 17 ಲೀಟರ್ ಬೇಕಾಗುತ್ತದೆ, ಉಪ್ಪು 1.5 ಪಿಪಿಟಿ ಏರುತ್ತದೆ. ಇಷ್ಟು ಹಸಿವಿರುವ ಎಸ್‌ಪಿಎಸ್ ಟ್ಯಾಂಕಿಗೆ ರಿಯಾಕ್ಟರ್ ಯೋಗ್ಯ. ಅದಕ್ಕಿಂತ ಸಣ್ಣದಕ್ಕೆ ಬೇಡ.

ಕರೆಂಟ್ ಇಲ್ಲದಾಗ ತಾನೇ ಮುಚ್ಚಿಕೊಂಡು ಅನಿಲ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಇಲ್ಲದ ರೆಗ್ಯುಲೇಟರ್ ಕೊಳ್ಳಲೇಬೇಡಿ. ಸೊಲೆನಾಯ್ಡ್ ಮತ್ತು ರಿಯಾಕ್ಟರಿನ ಪಂಪ್ ಒಂದೇ ಪ್ಲಗ್ಗಿನಲ್ಲಿರಲಿ. ಸೊಲೆನಾಯ್ಡ್ ಇನ್ವರ್ಟರಿಗೂ ಪಂಪ್ ಮೇನ್ಸಿಗೂ ಸೇರಿದ್ದರೆ, ಕರೆಂಟ್ ಹೋದಾಗ ನೀರು ನಿಂತು ಅನಿಲ ಮಾತ್ರ ತುಂಬುತ್ತದೆ, ಮತ್ತೆ ಓಡಿದಾಗ ಹುಳಿ ನೀರು ಟ್ಯಾಂಕಿಗೆ ನುಗ್ಗುತ್ತದೆ. ರಿಯಾಕ್ಟರ್ ಟ್ಯಾಂಕಿನ ಪಿಎಚ್ ಇಳಿಸುತ್ತದೆ, ಮುಚ್ಚಿದ ಕಿಟಕಿಗಳೂ ಅದನ್ನೇ ಮಾಡುತ್ತವೆ. ಜೊತೆಗೆ ರಾತ್ರಿ ಸುಣ್ಣದ ನೀರು ಕೊಡಿ, ಅಥವಾ ಸ್ಕಿಮ್ಮರಿನ ಗಾಳಿಯ ಪೈಪನ್ನು ಹೊರಗೆ ಹಾಯಿಸಿ. ತೋಟಕ್ಕೆ ಔಷಧಿ ಹೊಡೆಯುವ ದಿನ ಆ ಪೈಪನ್ನು ಒಳಗೆಳೆದುಕೊಳ್ಳಿ. ಸಿಲಿಂಡರನ್ನು ನೆಟ್ಟಗೆ ಗೋಡೆಗೆ ಸರಪಳಿ ಹಾಕಿ ಕಟ್ಟಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಕಡಲ ದಂಡೆಯಿಂದ ಹವಳದ ತುಂಡು ಆರಿಸಿ ತಂದು ತುಂಬುವುದು ಅಪರಾಧ. ನಮ್ಮ ಕಡಲಿನ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಹಾಗಾದರೆ ಯಾವುದು

ದಿನದ ಖರ್ಚು 0.04 ಡಿಕೆಎಚ್ (ವಾರಕ್ಕೆ ಸುಮಾರು 0.3) ದಾಟದಿದ್ದರೆ ನೀರು ಬದಲಾವಣೆಯಲ್ಲೇ ಇರಿ. 0.5ರೊಳಗಿನ ಸಣ್ಣ ಟ್ಯಾಂಕಿಗೆ ಒಂದೇ ಬಾಟಲಿ ಅಥವಾ ಕೈಯಿಂದ ಹಾಕುವ ಎರಡು ದ್ರಾವಣ. ಅಲ್ಲಿಂದ 2ರವರೆಗೆ ನಮ್ಮ ಸಲಹೆ ಸ್ಪಷ್ಟ: ಎರಡು ದ್ರಾವಣವೇ ಆಧಾರ, ಸುಣ್ಣದ ನೀರು ಅದರ ಜೊತೆಗಾರ. ಹುತ್ತರಿ ಕಳೆದು ಗಾಳಿ ಒಣಗಿದಾಗ ಸುಣ್ಣದ ನೀರಿನ ಪಾಲು ಹೆಚ್ಚಿಸಿ, ದ್ರಾವಣ ಇಳಿಸಿ. ಉಪ್ಪು ಏರುವುದೂ ತಗ್ಗುತ್ತದೆ. ಜೂನ್‌ನಲ್ಲಿ ತಿರುಗಿಸಿ. 1.2 ತಿನ್ನುವ 200 ಲೀಟರ್ ಟ್ಯಾಂಕಿಗೆ ಜುಲೈಯಲ್ಲಿ ಸುಣ್ಣದಿಂದ 0.4 ಸಿಕ್ಕರೆ ಉಳಿದ 0.8ಕ್ಕೆ ದ್ರಾವಣ ತಲಾ 60 ಮಿಲೀ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಈ ಏರಿಳಿತವೂ ಕಡಿಮೆ ಇರುತ್ತದೆ, ಅಳೆದೇ ನಿರ್ಧರಿಸಿ.

ಕರೆಂಟ್ ಇಡೀ ದಿನ ಇಲ್ಲದಾಗ ತಪ್ಪಿದ ಡೋಸನ್ನು ಮರುದಿನ ಒಟ್ಟಿಗೆ ತುಂಬಿಸಬೇಡಿ. ಲೈಟು ಇಲ್ಲದ ಹವಳ ಅಸ್ಥಿ ಕಟ್ಟುವುದೂ ನಿಧಾನ. ಮೊದಲು ಅಳೆಯಿರಿ, ಇಳಿದದ್ದಷ್ಟನ್ನು ದಿನಕ್ಕೆ 1 ಡಿಕೆಎಚ್ ಮೀರದಂತೆ ಏರಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಆದ್ದರಿಂದ ಹೂಮಳೆ ಮುಗಿದು ಮೇ ಬರುವಷ್ಟರಲ್ಲಿ ನಾಲ್ಕು ತಿಂಗಳಿನ ಸಾಮಾನು ಮನೆಯಲ್ಲಿರಲಿ: ದ್ರಾವಣ ಮಾಡಿಟ್ಟ ಕ್ಯಾಲ್ಸಿಯಂ ಕ್ಲೋರೈಡ್, ಗಾಳಿಯಾಡದ ಡಬ್ಬಿಯಲ್ಲಿ ಸೋಡ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎರಡನೆಯ ಆಲ್ಕಲಿನಿಟಿ ಕಿಟ್, ಡೋಸರಿಗೆ ಒಂದು ಹೆಚ್ಚುವರಿ ಟ್ಯೂಬ್, ಬಿಚ್ಚದ ಡಿಐ ರೆಸಿನ್ ಪ್ಯಾಕೆಟ್ ಒಂದು.